ಕಿಟ್ ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆ

ನಿಮ್ಮ ಮಗುವಿನ ಶಾಲೆಯ ಈ ವರ್ಷದ ಶುಲ್ಕದ ರಶೀದಿಯನ್ನು ಒಮ್ಮೆ ತೆಗೆದು ನೋಡಿ. ಬೋಧನಾ ಶುಲ್ಕದ ಕೆಳಗೆ ಇನ್ನೂ ಕೆಲವು ಸಾಲುಗಳಿರಬಹುದು. ಸ್ಮಾರ್ಟ್ ಕ್ಲಾಸಿಗೆ ಇಷ್ಟು, ಆಕ್ಟಿವಿಟಿ ಕಿಟ್‌ಗೆ ಇಷ್ಟು, ವರ್ಕ್‌ಬುಕ್ಕುಗಳಿಗೆ ಇಷ್ಟು, ಅಬಾಕಸ್‌ಗೆ ಇಷ್ಟು. ನೀವು ಹೇಗೋ ಹೊಂದಿಸಿ ಕಟ್ಟಿರುತ್ತೀರಿ. ಮಗುವಿನ ವಿದ್ಯೆಯ ವಿಷಯ ಬಂದಾಗ ಚೌಕಾಸಿ ಮಾಡಲು ಹೆತ್ತವರಿಗೆ ಮನಸ್ಸು ಬರುವುದಿಲ್ಲ. ಸಂತೆಯಲ್ಲಿ ಬದನೆಕಾಯಿಯನ್ನು ತಿರುಗಿಸಿ ಮುರುಗಿಸಿ ನೋಡಿ ಕೊಳ್ಳುವ ನಾವು ಈ ಸಾಲುಗಳ ಮುಂದೆ ಮಾತ್ರ ಸುಮ್ಮನಾಗಿ ಬಿಡುತ್ತೇವೆ.

ಕೇಳಬೇಕಾಗಿದ್ದ ಪ್ರಶ್ನೆ ಒಂದೇ. ಈ ವಸ್ತುವಿನಿಂದಾಗಿ ಮಕ್ಕಳು ನಿಜಕ್ಕೂ ಹೆಚ್ಚು ಕಲಿತಿದ್ದಾರೆಯೇ? ಅದು ನಿಮಗೆ ಹೇಗೆ ತಿಳಿಯಿತು?

ಬೆಂಗಳೂರಿನ ಶ್ರೀನಗರ, ಹನುಮಂತನಗರ, ಗಿರಿನಗರದ ಕಡೆ ಓಡಾಡಿದವರಿಗೆ ಅಲ್ಲಿನ ಸಣ್ಣ ಸಣ್ಣ ಶಾಲೆಗಳ ಪರಿಚಯವಿರುತ್ತದೆ. ಅಂಗಡಿಯವರು, ಆಟೋ ಓಡಿಸುವವರು, ಹೊಲಿಗೆ ಕೆಲಸದವರು ತಮ್ಮ ಮಕ್ಕಳನ್ನು ಕಳುಹಿಸುವ ಶಾಲೆಗಳಿವು. ಅಲ್ಲಿಂದ ಹೊಸಕೆರೆಹಳ್ಳಿಯ ದಾರಿ ಹಿಡಿದು ಬನಶಂಕರಿ ಮೂರನೇ ಹಂತದ ನೂರಡಿ ವರ್ತುಲ ರಸ್ತೆಗೆ ಬಂದರೆ, ಶಿಕ್ಷಕರೆಲ್ಲ ಡಿ.ಎಸ್.ಇ.ಆರ್.ಟಿ. ಎಂದು ಕರೆಯುವ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯೂ ಕರ್ನಾಟಕ ಪಠ್ಯಪುಸ್ತಕ ಸಂಘವೂ ಸಿಗುತ್ತವೆ. ರಾಜ್ಯದ ಸರಕಾರಿ ಶಾಲೆಗಳ ಮಕ್ಕಳು ಯಾವ ಪುಸ್ತಕ ಓದಬೇಕೆಂಬುದು ಇಂತಹ ಕಚೇರಿಗಳಲ್ಲಿ ತೀರ್ಮಾನವಾಗುತ್ತದೆ. ಆದರೆ ಅನುದಾನರಹಿತ ಶಾಲೆಗಳಲ್ಲಿ ಪಠ್ಯಪುಸ್ತಕದ ಆಚೆಗೆ ಏನು ಕೊಳ್ಳಬೇಕೆಂಬುದನ್ನು ಆಡಳಿತ ಮಂಡಳಿಯ ನಾಲ್ಕಾರು ಮಂದಿ ಮತ್ತು ಮುಖ್ಯೋಪಾಧ್ಯಾಯರು ಸೇರಿ ನಿರ್ಧರಿಸುತ್ತಾರೆ. ಜೂನ್ ತಿಂಗಳಿಗೆ ಮೊದಲೇ ಕಂಪೆನಿಯವರು ಬಣ್ಣದ ಕೈಪಿಡಿಯೊಂದಿಗೆ ಬಂದು ಕುಳಿತಿರುತ್ತಾರೆ. ಪಕ್ಕದ ಶಾಲೆಯಲ್ಲಿ ಅದು ಇದೆಯೆಂಬುದೇ ಹೆಚ್ಚಿನ ಸಂದರ್ಭಗಳಲ್ಲಿ ಸಾಕಷ್ಟು ದೊಡ್ಡ ಕಾರಣವಾಗಿ ಬಿಡುತ್ತದೆ.

ಬೆಂಗಳೂರಿನ ಗ್ರಂಥಾಲಯಗಳು ಕಲಿಸಿದ ಪಾಠ

ಶಾಲೆಗೆ ಅತ್ಯಂತ ಒಳ್ಳೆಯ ಕೊಡುಗೆ ಯಾವುದು ಎಂದು ಕೇಳಿದರೆ ನಮ್ಮಲ್ಲಿ ಬಹಳಷ್ಟು ಮಂದಿ ಗ್ರಂಥಾಲಯ ಎಂದು ಉತ್ತರಿಸಬಹುದು. ಅದನ್ನು ಸಂಶಯಿಸಲು ಯಾರಿಗೂ ಮನಸ್ಸಾಗದು. ಬೆಂಗಳೂರಿನಲ್ಲಿ 2000ದಲ್ಲಿ ಆರಂಭವಾದ ಅಕ್ಷರ ಫೌಂಡೇಶನ್ ಸರಕಾರಿ ಶಾಲೆಗಳ ಮಕ್ಕಳಿಗಾಗಿ ಇಂತಹದ್ದೇ ಒಂದು ಗ್ರಂಥಾಲಯ ಯೋಜನೆಯನ್ನು ನಡೆಸಿತು. ಕೆಲವು ಶಾಲೆಗಳಲ್ಲಿ ಗ್ರಂಥಾಲಯವನ್ನೇ ಸ್ಥಾಪಿಸಲಾಯಿತು. ಇನ್ನು ಕೆಲವು ಶಾಲೆಗಳಿಗೆ ಗ್ರಂಥಪಾಲಕರು ಪುಸ್ತಕಗಳೊಂದಿಗೆ ಬಂದು ಹೋಗುತ್ತಿದ್ದರು.

ಈ ಯೋಜನೆಯನ್ನು ಬೋರ್ಕಮ್, ಹೆ ಮತ್ತು ಲಿಂಡನ್ ಎಂಬ ಮೂವರು ಸಂಶೋಧಕರು ಪರೀಕ್ಷಿಸಿದರು. ಅವರು ಅನುಸರಿಸಿದ ವಿಧಾನ ಬಹಳ ಸರಳ. ಯಾವ ಶಾಲೆಗಳಿಗೆ ಯೋಜನೆ ಸಿಗಬೇಕು, ಯಾವುದಕ್ಕೆ ಸಿಗಬಾರದು ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಲಾಯಿತು. ಹದಿನಾರು ತಿಂಗಳ ಬಳಿಕ ಎರಡೂ ಗುಂಪಿನ ಶಾಲೆಗಳ ಮಕ್ಕಳಿಗೆ ಒಂದೇ ಭಾಷಾ ಪರೀಕ್ಷೆಯನ್ನು ಕೊಡಲಾಯಿತು. ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಒಟ್ಟಾರೆಯಾಗಿ ನೋಡಿದರೆ ಯೋಜನೆ ಇದ್ದ ಶಾಲೆಗಳ ಮಕ್ಕಳಿಗೂ ಇಲ್ಲದ ಶಾಲೆಗಳ ಮಕ್ಕಳಿಗೂ ಭಾಷೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಶಾಲೆಯಲ್ಲೇ ಇದ್ದ ಗ್ರಂಥಾಲಯದಿಂದ ಅಂಕ ಏರಲೂ ಇಲ್ಲ, ಇಳಿಯಲೂ ಇಲ್ಲ. ಗ್ರಂಥಪಾಲಕರು ಬಂದು ಹೋಗುತ್ತಿದ್ದ ಶಾಲೆಗಳಲ್ಲಿ ಅಂಕಗಳು ಕೊಂಚ ಇಳಿದಿದ್ದವು. ಹಾಜರಾತಿಯಲ್ಲೂ ಬದಲಾವಣೆ ಇರಲಿಲ್ಲ.

ಈ ಸುದ್ದಿ ಕಹಿಯಾದುದು ನಿಜ. ಆದರೆ ಇಲ್ಲಿ ಆ ಸಂಸ್ಥೆಯನ್ನು ಮೆಚ್ಚಬೇಕಾದ ಒಂದು ಅಂಶವಿದೆ. ತನ್ನ ಯೋಜನೆಯಿಂದ ಪ್ರಯೋಜನವಿದೆಯೋ ಇಲ್ಲವೋ ಎಂದು ಹೊರಗಿನವರು ಅಳೆಯಲು ಅದು ಅವಕಾಶ ಕೊಟ್ಟಿತು. ಪುಸ್ತಕ ಹಂಚುವಾಗ ಫೋಟೋ ತೆಗೆಸಿ ವರದಿ ಮುಗಿಸುವವರು ಧಾರಾಳವಾಗಿದ್ದಾರೆ. ಹದಿನಾರು ತಿಂಗಳು ಕಾದು, ಮಗುವಿನ ಮುಂದೆ ಕುಳಿತು, ಓದಿಸಿ ನೋಡುವವರು ಕಡಿಮೆ.

ಹಾಗಾದರೆ ಪುಸ್ತಕ ಬೇಡವೇ?

ಹಾಗಲ್ಲ. ಅದೇ ಲಿಂಡನ್ ಇನ್ನಿಬ್ಬರು ಸಂಶೋಧಕರೊಂದಿಗೆ ಫಿಲಿಪೈನ್ಸ್ ದೇಶದ ತಾರ್ಲಾಕ್ ಪ್ರಾಂತ್ಯದ 100 ಶಾಲೆಗಳಲ್ಲಿ ಇನ್ನೊಂದು ಓದಿನ ಯೋಜನೆಯನ್ನು ಪರೀಕ್ಷಿಸಿದರು. ಅಲ್ಲಿ ನಾಲ್ಕನೇ ತರಗತಿಯ ಮಕ್ಕಳಿಗೆ ಅವರ ವಯಸ್ಸಿಗೆ ಹೊಂದುವ ಕಥೆ ಪುಸ್ತಕಗಳನ್ನು ಕೊಡಲಾಯಿತು. ಅಷ್ಟಕ್ಕೇ ಬಿಡದೆ ಶಿಕ್ಷಕರಿಗೆ ತರಬೇತಿ ಕೊಟ್ಟು, 31 ದಿನಗಳ ಓದಿನ ಅಭಿಯಾನವೊಂದನ್ನು ನಡೆಸಲಾಯಿತು. ಆ ದಿನಗಳಲ್ಲಿ ಓದುವುದೇ ತರಗತಿಯ ಕೆಲಸದ ಭಾಗವಾಯಿತು. ಮಕ್ಕಳ ಓದಿನ ಸಾಮರ್ಥ್ಯ ಹೆಚ್ಚಿತು. ಅಭಿಯಾನ ಮುಗಿದು ಮೂರು ತಿಂಗಳಾದಾಗ ಆ ಲಾಭದಲ್ಲಿ ಸುಮಾರು ಅರ್ಧದಷ್ಟು ಉಳಿದಿತ್ತು.

ಎರಡೂ ಕಡೆ ಮಕ್ಕಳಿಗೆ ಸಿಕ್ಕಿದ್ದು ಪುಸ್ತಕವೇ. ಒಂದು ಕಡೆ ಭಾಷೆ ಬೆಳೆಯಿತು, ಇನ್ನೊಂದು ಕಡೆ ಬೆಳೆಯಲಿಲ್ಲ. ಪುಸ್ತಕ ಶಾಲೆಗೆ ಬಂದ ಮೇಲೆ ತರಗತಿಯಲ್ಲಿ ಏನು ನಡೆಯಿತು ಎಂಬುದನ್ನು ನಾವು ನೋಡಬೇಕಾಗಿದೆ. ಕಪಾಟಿನ ಬೀಗದ ಕೈ ಯಾರ ಬಳಿಯಿದೆ? ಓದಲೆಂದು ದಿನದಲ್ಲಿ ಎಷ್ಟು ನಿಮಿಷ ಮೀಸಲಾಗಿದೆ? ಓದಿದ್ದನ್ನು ಮಗುವಿನಿಂದ ಯಾರು ಕೇಳುತ್ತಾರೆ? ಇದ್ಯಾವುದೂ ಕೊಳ್ಳುವಾಗ ಕೊಡುವ ಬಿಲ್ಲಿನಲ್ಲಿ ಬರೆದಿರುವುದಿಲ್ಲ.

ಕೀನ್ಯಾದ ಗೋಡೆಚಿತ್ರಗಳು

'ಇಷ್ಟೆಲ್ಲ ಕಷ್ಟವೇಕೆ? ಈ ವಸ್ತು ಇರುವ ಶಾಲೆಗಳ ಫಲಿತಾಂಶ ಚೆನ್ನಾಗಿದೆಯಲ್ಲ, ಅದೇ ಸಾಕ್ಷಿಯಲ್ಲವೇ?' ಎಂದು ನೀವು ಕೇಳಬಹುದು. ಮಾರಾಟಕ್ಕೆ ಬರುವವರೂ ಇದನ್ನೇ ಹೇಳುತ್ತಾರೆ. ನಮ್ಮ ಕಿಟ್ ಬಳಸುವ ಶಾಲೆಗಳನ್ನು ನೋಡಿ, ಅಲ್ಲಿ ನೂರಕ್ಕೆ ನೂರು ಫಲಿತಾಂಶ ಎನ್ನುತ್ತಾರೆ.

ಈ ಮಾತು ಎಷ್ಟರ ಮಟ್ಟಿಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಆಫ್ರಿಕಾದ ಕೀನ್ಯಾದಲ್ಲಿ ಒಳ್ಳೆಯ ಉದಾಹರಣೆಯಿದೆ. ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ವಿಜ್ಞಾನ, ಗಣಿತ, ಭೂಗೋಳ, ಆರೋಗ್ಯ ವಿಷಯಗಳನ್ನು ಕಲಿಸಲು ದೊಡ್ಡ ದೊಡ್ಡ ಚಿತ್ರಪಟಗಳನ್ನು ಬಳಸುತ್ತಿದ್ದರು. ಅವು ಇದ್ದ ಶಾಲೆಗಳನ್ನೂ ಇಲ್ಲದ ಶಾಲೆಗಳನ್ನೂ ಹೋಲಿಸಿದಾಗ, ಇದ್ದ ಶಾಲೆಗಳ ಮಕ್ಕಳು ಸ್ಪಷ್ಟವಾಗಿ ಮುಂದಿದ್ದರು. ಇನ್ನೇನು, ಎಲ್ಲ ಶಾಲೆಗೂ ಕೊಟ್ಟುಬಿಡೋಣ ಎಂದೇ ಯಾರಿಗಾದರೂ ಅನಿಸಬಹುದಿತ್ತು. ಆದರೆ ಮೈಕೆಲ್ ಕ್ರೇಮರ್ ಮತ್ತು ಅವರ ಸಂಗಡಿಗರು 178 ಶಾಲೆಗಳನ್ನು ತೆಗೆದುಕೊಂಡು, ಅವುಗಳಲ್ಲಿ ಅರ್ಧದಷ್ಟನ್ನು, ಅಂದರೆ 89 ಶಾಲೆಗಳನ್ನು ಆರಿಸಿ, ಅವುಗಳಿಗೆ ಮಾತ್ರ ಚಿತ್ರಪಟಗಳನ್ನು ಕೊಟ್ಟರು. ಬಳಿಕ ಪರೀಕ್ಷೆಯ ಅಂಕಗಳನ್ನು ಹೋಲಿಸಿದಾಗ ಎರಡು ಗುಂಪುಗಳ ನಡುವೆ ವ್ಯತ್ಯಾಸವೇ ಇರಲಿಲ್ಲ. ಇದು 2004ರಲ್ಲಿ ಪ್ರಕಟವಾದ ಅಧ್ಯಯನ.

ಮೊದಲು ಕಂಡ ಮುನ್ನಡೆ ಎಲ್ಲಿಂದ ಬಂತು? ಸ್ವಲ್ಪ ಆಲೋಚಿಸಿದರೆ ಅರ್ಥವಾಗುತ್ತದೆ. ಚಿತ್ರಪಟ ಕೊಳ್ಳಲು ಶಕ್ತಿಯಿರುವ ಶಾಲೆಯಲ್ಲಿ ಒಳ್ಳೆಯ ಶಿಕ್ಷಕರೂ ಇರಬಹುದು, ಮುತುವರ್ಜಿಯ ಮುಖ್ಯೋಪಾಧ್ಯಾಯರೂ ಇರಬಹುದು, ಮನೆಯಲ್ಲಿ ಪಾಠ ಹೇಳಿಕೊಡುವ ಹೆತ್ತವರೂ ಇರಬಹುದು. ಮಕ್ಕಳು ಮುಂದಿರುವುದಕ್ಕೆ ಅವೇ ಕಾರಣ. ಗೋಡೆಯ ಮೇಲಿನ ಚಿತ್ರಕ್ಕೆ ಸುಮ್ಮನೆ ಹೆಸರು ಬಂತು. ನಮ್ಮಲ್ಲೂ ಹಾಗೆಯೇ. ಜಯನಗರದ ಶ್ರೀಮಂತ ಶಾಲೆಯಲ್ಲಿ ಸ್ಮಾರ್ಟ್ ಬೋರ್ಡ್ ಇದೆ, ಫಲಿತಾಂಶವೂ ಚೆನ್ನಾಗಿದೆ ಎಂದಾಕ್ಷಣ ಆ ಬೋರ್ಡಿನಿಂದಲೇ ಫಲಿತಾಂಶ ಬಂತೆಂದು ಹೇಳುವ ಹಾಗಿಲ್ಲ. ಮನೆಯಲ್ಲಿ ಕಾರು ಇರುವ ಮಕ್ಕಳು ಹೆಚ್ಚು ಅಂಕ ತೆಗೆಯುತ್ತಾರೆಂದು ಬಡವರ ಮನೆ ಮುಂದೆ ಕಾರು ತಂದು ನಿಲ್ಲಿಸಿದರೆ ಮಗು ಕಲಿತೀತೇ?

ಕ್ರೇಮರ್ ಅವರ ತಂಡ ಕೀನ್ಯಾದಲ್ಲೇ ಪಠ್ಯಪುಸ್ತಕಗಳ ಪರಿಣಾಮವನ್ನೂ ಪರೀಕ್ಷಿಸಿತು. 2009ರಲ್ಲಿ ಪ್ರಕಟವಾದ ಆ ಫಲಿತಾಂಶ ನಮ್ಮ ಸಮುದಾಯದ ಶಾಲೆಗಳು ಕಿವಿಗೊಟ್ಟು ಕೇಳಬೇಕಾದಂತಹದ್ದು. ಉಚಿತ ಪುಸ್ತಕಗಳಿಂದ ಸರಾಸರಿ ಮಗುವಿಗೆ ಪ್ರಯೋಜನವಾಗಲಿಲ್ಲ. ಮೊದಲೇ ಮುಂದಿದ್ದ ಮಕ್ಕಳ ಅಂಕಗಳು ಮಾತ್ರ ಏರಿದವು. ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು. ಹೆಚ್ಚಿನ ಮಕ್ಕಳಿಗೆ ಅದು ಮೂರನೇ ಭಾಷೆಯಾಗಿತ್ತು. ಅವರಿಗೆ ಅದನ್ನು ಓದಲೇ ಬರುತ್ತಿರಲಿಲ್ಲ.

ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ನಮ್ಮ ಎಷ್ಟು ಮಕ್ಕಳ ಕಥೆ ಇದಲ್ಲ? ಖಾಸಗಿ ಪ್ರಕಾಶಕರ ನಯವಾದ ಕಾಗದದ ಇಂಗ್ಲಿಷ್ ಪುಸ್ತಕವನ್ನು ಕೊಳ್ಳುವ ಮುನ್ನ ಅದರ ಒಂದು ಪುಟವನ್ನು ತರಗತಿಯ ಹತ್ತು ಮಕ್ಕಳಿಂದ ಓದಿಸಿ ನೋಡಲು ಎಷ್ಟು ಹೊತ್ತು ಬೇಕು? ಅರ್ಧ ಗಂಟೆ ಸಾಕು.

ಪರದೆ ಬಂದರೆ ಪಾಠ ಬರುವುದೇ?

ಈಗಿನ ಕಾಲದಲ್ಲಿ ಅತಿ ಹೆಚ್ಚು ಹಣ ಹೋಗುವುದು ಪರದೆಗೆ. ಇದರಲ್ಲೂ ಸಿಹಿ ಕಹಿ ಎರಡೂ ಅನುಭವಗಳಿವೆ.

ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ 'ಪ್ರತಿ ಮಗುವಿಗೂ ಒಂದು ಲ್ಯಾಪ್‌ಟಾಪ್' ಯೋಜನೆಯನ್ನು 319 ಗ್ರಾಮೀಣ ಶಾಲೆಗಳಲ್ಲಿ ಅಧ್ಯಯನ ಮಾಡಲಾಯಿತು. 2012ರಲ್ಲಿ ಬಂದ ವರದಿಯ ಪ್ರಕಾರ ಮಕ್ಕಳ ಕೈಗೆ ಲ್ಯಾಪ್‌ಟಾಪ್ ಬಂತು, ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಕಲಿಕೆ ಹೆಚ್ಚಲಿಲ್ಲ.

ನಮ್ಮ ದೇಶದ ವಡೋದರದಲ್ಲಿ ಸರಕಾರ ನಗರಪಾಲಿಕೆ ಶಾಲೆಗಳಿಗೆ ಕೊಟ್ಟಿದ್ದ ಕಂಪ್ಯೂಟರುಗಳು ಬಹುಪಾಲು ಉಪಯೋಗವಿಲ್ಲದೆ ಬಿದ್ದಿದ್ದವು. ಪ್ರಥಮ್ ಸಂಸ್ಥೆ ಅದೇ ಕಂಪ್ಯೂಟರುಗಳಲ್ಲಿ ನಾಲ್ಕನೇ ತರಗತಿಯ ಮಕ್ಕಳಿಗೆ ವಾರಕ್ಕೆ ಎರಡು ಗಂಟೆ ಗಣಿತದ ಆಟಗಳನ್ನು ಆಡಿಸಿತು. ಒಂದು ಕಂಪ್ಯೂಟರಿಗೆ ಇಬ್ಬರು ಮಕ್ಕಳು. ಗಣಿತದ ಅಂಕಗಳು ಗಣನೀಯವಾಗಿ ಏರಿದವು. ಆದರೆ ಕಾರ್ಯಕ್ರಮ ನಿಂತು ಒಂದು ವರ್ಷವಾದಾಗ ಆ ಲಾಭದ ಬಹುಪಾಲು ಕರಗಿತ್ತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರ ಈ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಇವರಿಬ್ಬರಿಗೂ ಮೇಲೆ ಹೇಳಿದ ಕ್ರೇಮರ್ ಅವರಿಗೂ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದುದು ಇಂತಹ ಪರೀಕ್ಷೆಗಳಿಗಾಗಿಯೇ.

ದೆಹಲಿಯ ಉದಾಹರಣೆ ಇನ್ನೂ ಸ್ವಾರಸ್ಯಕರವಾಗಿದೆ. ಅಲ್ಲಿ ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶವನ್ನು ಬಳಸುವ ಕೇಂದ್ರಗಳಿಗೆ ಚೀಟಿ ಎತ್ತಿ ಮಕ್ಕಳನ್ನು ಸೇರಿಸಲಾಯಿತು. ಒಟ್ಟು 619 ಮಕ್ಕಳ ಅಧ್ಯಯನವದು. ದಿನಕ್ಕೆ 45 ನಿಮಿಷ ಕಂಪ್ಯೂಟರ್, ಇನ್ನು 45 ನಿಮಿಷ ಸಣ್ಣ ಗುಂಪಿನಲ್ಲಿ ಶಿಕ್ಷಕರ ಪಾಠ. ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲೂ ಹಿಂದಿಯಲ್ಲೂ ಆ ಮಕ್ಕಳು ಬಹಳ ಮುಂದೆ ಬಂದರು. ಕಾರಣವನ್ನು ಗಮನಿಸಿ. ಆರನೇ ತರಗತಿಯ ಸರಾಸರಿ ಮಗು ಗಣಿತದಲ್ಲಿ ಸುಮಾರು ಎರಡೂವರೆ ತರಗತಿಯಷ್ಟು ಹಿಂದಿತ್ತು. ತಂತ್ರಾಂಶ ಆ ಮಗುವಿಗೆ ಆರನೇ ತರಗತಿಯ ಲೆಕ್ಕ ಕೊಡದೆ, ಮಗು ಎಲ್ಲಿ ನಿಂತಿತ್ತೋ ಅಲ್ಲಿಂದ ಆರಂಭಿಸಿತು.

ಸಬಕ್ ಕೇಳುವ ಉಸ್ತಾದರು

ಮದ್ರಸದಲ್ಲಿ ಕಲಿತವರಿಗೆ ಇದು ಹೊಸ ವಿಷಯವಲ್ಲ. ಹಿಫ್ಝ್ ತರಗತಿಯಲ್ಲಿ ಮೂವತ್ತು ಮಕ್ಕಳಿದ್ದರೆ ಮೂವತ್ತು ಸಬಕ್ ಇರುತ್ತವೆ. ಪ್ರತಿಯೊಬ್ಬನೂ ಉಸ್ತಾದರ ಮುಂದೆ ಕುಳಿತು ತನ್ನ ಪಾಠವನ್ನು ಒಪ್ಪಿಸಬೇಕು. ಒಪ್ಪಿಸಲಾಗದಿದ್ದರೆ ಮುಂದಿನ ಪಾಠವಿಲ್ಲ. ಹೊಸ ಪಾಠದ ಜೊತೆಗೆ ಹಳೆಯದನ್ನೂ ದಿನವೂ ಕೇಳಲಾಗುತ್ತದೆ. ಯಾವ ಮಗು ಎಲ್ಲಿದೆ ಎಂಬುದು ಉಸ್ತಾದರಿಗೆ ಪ್ರತಿದಿನ ಗೊತ್ತಿರುತ್ತದೆ. ಅದೇ ಮಗು ಶಾಲೆಗೆ ಹೋದಾಗ ನಲವತ್ತು ಮಕ್ಕಳಿಗೆ ಒಂದೇ ಪಾಠ. ಅರ್ಥವಾದವರಿಗೂ ಆಗದವರಿಗೂ ಸೋಮವಾರ ಮುಂದಿನ ಅಧ್ಯಾಯ.

ಕರ್ನಾಟಕದ ಸರಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯ ಹಿಂದೆಯೂ ಇದೇ ವಿಚಾರವಿದೆ. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಪ್ರಯೋಗದಿಂದ ಸ್ಫೂರ್ತಿ ಪಡೆದು, 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಅದು ಆರಂಭವಾಯಿತು. ಕಲಿಕಾ ಏಣಿ, ಕಾರ್ಡುಗಳು, ಮಕ್ಕಳು ಸುತ್ತ ಕುಳಿತುಕೊಳ್ಳುವ 'ತಟ್ಟೆ'ಗಳು, ತಲೆಯ ಮೇಲೆ ಕಲಿಕಾ ಚಪ್ಪರ. ಪ್ರತಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. 2009-10ರಿಂದ ಇದು ರಾಜ್ಯದಾದ್ಯಂತ ಸರಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ಬಂತು.

ವಿಚಾರ ಒಳ್ಳೆಯದೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಯಾವುದೇ ಪದ್ಧತಿಯನ್ನು ಎಲ್ಲ ಶಾಲೆಗಳಿಗೂ ಒಟ್ಟಿಗೆ ಕೊಟ್ಟ ಮೇಲೆ, ಹೋಲಿಸಿ ನೋಡಲು ಕೊಡದೆ ಬಿಟ್ಟ ಶಾಲೆ ಉಳಿಯುವುದಿಲ್ಲ. ಒಂದು ತಾಲೂಕಿಗೆ ಈ ವರ್ಷ, ಪಕ್ಕದ ತಾಲೂಕಿಗೆ ಮುಂದಿನ ವರ್ಷ ಎಂದು ಕೊಟ್ಟರೆ, ಒಂದು ರೂಪಾಯಿ ಹೆಚ್ಚು ಖರ್ಚಿಲ್ಲದೆ ಅದರ ಫಲವನ್ನು ಅಳೆಯಬಹುದು.

ಆಡಳಿತ ಮಂಡಳಿ ಕೇಳಬೇಕಾದ ಪ್ರಶ್ನೆಗಳು

ನಿಮ್ಮಲ್ಲಿ ಕೆಲವರು ಶಾಲೆಯ ಆಡಳಿತ ಮಂಡಳಿಯಲ್ಲಿರಬಹುದು, ಕೆಲವರು ಶಿಕ್ಷಕಿಯರಾಗಿರಬಹುದು. ಮಾರಾಟಕ್ಕೆ ಬಂದವರನ್ನು ಚಹಾ ಕೊಟ್ಟು ಕೂರಿಸಿ. ಬಳಿಕ ಈ ಐದು ಪ್ರಶ್ನೆಗಳನ್ನು ಕೇಳಿ.

1. ಇದನ್ನು ಬಳಸಿದ ಮಕ್ಕಳನ್ನು ಬಳಸದ ಮಕ್ಕಳೊಂದಿಗೆ ಹೋಲಿಸಿದ್ದೀರಾ? ಆ ಎರಡು ಗುಂಪುಗಳೂ ಆರಂಭದಲ್ಲಿ ಒಂದೇ ಮಟ್ಟದಲ್ಲಿದ್ದವೇ? ಬಳಸುವ ಮೊದಲು ಮತ್ತು ನಂತರದ ಅಂಕ ಮಾತ್ರ ತೋರಿಸಿದರೆ ಸಾಲದು. ಆರು ತಿಂಗಳಲ್ಲಿ ಮಕ್ಕಳು ಕಿಟ್ ಇಲ್ಲದೆಯೂ ಅಷ್ಟಿಷ್ಟು ಕಲಿತೇ ಕಲಿಯುತ್ತಾರೆ.

2. ಅಳೆದವರು ಯಾರು? ಕಂಪೆನಿಯವರೇ ಅಳೆದು, ಕಂಪೆನಿಯವರೇ ಅಂಕ ಕೊಟ್ಟಿದ್ದರೆ ಅದನ್ನು ಜಾಹೀರಾತೆಂದೇ ತಿಳಿಯಬೇಕು.

3. ಯಾವ ಮಕ್ಕಳ ಮೇಲೆ ಪರೀಕ್ಷಿಸಿದ್ದು? ಮನೆಯಲ್ಲಿ ಇಂಗ್ಲಿಷ್ ಮಾತಾಡುವ ಮಕ್ಕಳಿಗೆ ಫಲಿಸಿದ್ದು ನಮ್ಮ ಮಕ್ಕಳಿಗೂ ಫಲಿಸೀತೆಂಬ ಖಾತ್ರಿಯಿಲ್ಲ.

4. ಶಿಕ್ಷಕರು ದಿನಕ್ಕೆ ಎಷ್ಟು ಹೊತ್ತು, ಹೇಗೆ ಬಳಸಬೇಕು? ತರಬೇತಿ ಯಾರು ಕೊಡುತ್ತಾರೆ? ಕೆಟ್ಟರೆ ರಿಪೇರಿ ಯಾರದು?

5. ಒಂದು ಮಗುವಿಗೆ ವರ್ಷಕ್ಕೆ ಒಟ್ಟು ಎಷ್ಟು ಖರ್ಚು? ಅದೇ ಹಣದಲ್ಲಿ ಓದಲು ಬಾರದ ಮಕ್ಕಳಿಗಾಗಿ ಒಬ್ಬ ಸಹಾಯಕ ಶಿಕ್ಷಕಿಯನ್ನು ನೇಮಿಸಲು ಸಾಧ್ಯವೇ?

ಐದನೇ ಪ್ರಶ್ನೆಯನ್ನು ಸುಮ್ಮನೆ ಸೇರಿಸಿದ್ದಲ್ಲ. ಮುಂಬಯಿ ಮತ್ತು ವಡೋದರದಲ್ಲಿ ಪ್ರಥಮ್ ಸಂಸ್ಥೆ 'ಬಾಲಸಖಿ' ಎಂಬ ಹೆಸರಿನಲ್ಲಿ ಇದನ್ನೇ ಮಾಡಿತು. ಅದೇ ಬಡಾವಣೆಯ ಯುವತಿಯರು ದಿನಕ್ಕೆ ಎರಡು ಗಂಟೆ ಹಿಂದುಳಿದ ಮಕ್ಕಳನ್ನು ಬೇರೆ ಕೂರಿಸಿಕೊಂಡು ಓದು ಮತ್ತು ಲೆಕ್ಕ ಕಲಿಸಿದರು. ಮೇಲೆ ಹೇಳಿದ 2007ರ ಅಧ್ಯಯನದಲ್ಲಿ ಅದರಿಂದಲೂ ಅಂಕಗಳು ಏರಿದ್ದು ಸಾಬೀತಾಗಿದೆ. ಹತ್ತನೇ ತರಗತಿ, ಪಿ.ಯು.ಸಿ. ಮುಗಿಸಿ ಮನೆಯಲ್ಲಿರುವ ಎಷ್ಟು ಹೆಣ್ಣುಮಕ್ಕಳು ನಮ್ಮ ಬೀದಿಗಳಲ್ಲಿಲ್ಲ?

ನಿಮ್ಮ ಶಾಲೆಯಲ್ಲೇ ಪರೀಕ್ಷಿಸಿ

ಪ್ರತಿಯೊಂದು ವಸ್ತುವಿನ ಬಗ್ಗೆಯೂ ಅಧ್ಯಯನ ಸಿಗಲಾರದು. ಆಗ ಸಣ್ಣ ಮಟ್ಟದಲ್ಲಿ ನೀವೇ ನೋಡಬಹುದು. ಮೂರನೇ ತರಗತಿಯಲ್ಲಿ ಎ ಮತ್ತು ಬಿ ಎಂದು ಎರಡು ವಿಭಾಗಗಳಿವೆ ಎಂದುಕೊಳ್ಳಿ. ಜಾಣ ಮಕ್ಕಳನ್ನು ಒಂದರಲ್ಲಿ, ಉಳಿದವರನ್ನು ಇನ್ನೊಂದರಲ್ಲಿ ಕೂರಿಸಿದ್ದರೆ ಈ ಹೋಲಿಕೆ ನಡೆಯುವುದಿಲ್ಲ. ಬೆರೆಸಿ ಕೂರಿಸಿದ್ದರೆ ಮೊದಲು ಎಲ್ಲ ಮಕ್ಕಳನ್ನೂ ಓದಿಸಿ ನೋಡಿ. ಇದಕ್ಕೆ 2005ರಲ್ಲಿ ಆರಂಭವಾದ ಅಸರ್ ಸಮೀಕ್ಷೆಯ ಕ್ರಮವೇ ಸಾಕು. ಅಕ್ಷರ, ಪದ, ಒಂದನೇ ತರಗತಿಯ ಮಟ್ಟದ ನಾಲ್ಕು ವಾಕ್ಯ, ಎರಡನೇ ತರಗತಿಯ ಮಟ್ಟದ ಸಣ್ಣ ಕಥೆ. ಲೆಕ್ಕದಲ್ಲಿ ದಶಕ ಕಡ ತೆಗೆಯುವ ಕಳೆಯುವ ಲೆಕ್ಕ, ಬಳಿಕ ಭಾಗಾಕಾರ. ಒಂದು ಮಗುವಿಗೆ ಐದರಿಂದ ಹತ್ತು ನಿಮಿಷ ಹಿಡಿಯುತ್ತದೆ.

ನಂತರ ಯಾವ ವಿಭಾಗಕ್ಕೆ ಹೊಸ ಕಿಟ್ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಇನ್ನೊಂದು ವಿಭಾಗಕ್ಕೂ ಅಷ್ಟೇ ಹೊತ್ತು ಓದು ಅಥವಾ ಲೆಕ್ಕ ಇರಲಿ. ಇಲ್ಲವಾದರೆ ನೀವು ಕಿಟ್ಟನ್ನು ಅಳೆಯದೆ ಹೆಚ್ಚುವರಿ ಸಮಯವನ್ನು ಅಳೆದಂತಾಗುತ್ತದೆ. ನಾಲ್ಕು ತಿಂಗಳ ಬಳಿಕ ಬೇರೊಬ್ಬ ಶಿಕ್ಷಕಿ ಎರಡೂ ವಿಭಾಗಗಳ ಮಕ್ಕಳನ್ನು ಮತ್ತೆ ಓದಿಸಲಿ. ಯಾರು ಯಾವ ವಿಭಾಗದವರೆಂದು ಆಕೆಗೆ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು. ಎರಡೇ ವಿಭಾಗಗಳ ಲೆಕ್ಕದಿಂದ ಕಡಾಖಂಡಿತ ತೀರ್ಮಾನಕ್ಕೆ ಬರಲಾಗದು, ಶಿಕ್ಷಕಿಯರ ವ್ಯತ್ಯಾಸವೂ ಅದರಲ್ಲಿ ಬೆರೆತಿರುತ್ತದೆ. ಅಕ್ಕಪಕ್ಕದ ನಾಲ್ಕೈದು ಶಾಲೆಗಳು ಕೂಡಿ ಮಾಡಿದರೆ ಮಾತಿಗೆ ತೂಕ ಬರುತ್ತದೆ. ಹೇಗಿದ್ದರೂ ಕೈಪಿಡಿಯ ಬಣ್ಣ ನೋಡಿ ಕೊಳ್ಳುವುದಕ್ಕಿಂತ ಇದು ನೂರು ಪಾಲು ಮೇಲು.

ಎಲ್ಲವನ್ನೂ ಪರೀಕ್ಷೆಯಿಂದ ಅಳೆಯಲಾಗದು ಎಂಬುದೂ ನಿಜ. ಕಥೆ ಪುಸ್ತಕದ ಸಂತೋಷಕ್ಕೆ, ಚಿತ್ರ ಬರೆಯುವ ಖುಷಿಗೆ, ಮಣ್ಣಿನಲ್ಲಿ ಆಡುವ ಆಟಕ್ಕೆ ಅಂಕ ಕೊಡುವ ಅಗತ್ಯವಿಲ್ಲ. ಬೆಂಗಳೂರಿನ ಆ ಗ್ರಂಥಾಲಯಗಳಲ್ಲಿ ಕುಳಿತು ನಕ್ಕ ಮಕ್ಕಳ ನಗು ಯಾವ ಪಟ್ಟಿಯಲ್ಲೂ ದಾಖಲಾಗಿಲ್ಲ. ಸಂತೋಷಕ್ಕಾಗಿ ಕೊಳ್ಳುವುದಾದರೆ ಸಂತೋಷಕ್ಕೆಂದೇ ಹೇಳಿ ಕೊಳ್ಳೋಣ. ಆದರೆ 'ಇದರಿಂದ ನಿಮ್ಮ ಮಗು ಗಣಿತದಲ್ಲಿ ಮುಂದೆ ಬರುತ್ತದೆ' ಎಂದು ಹೇಳಿ ಹಣ ಪಡೆದವರು ಮುಂದೆ ಬಂದುದನ್ನು ತೋರಿಸಬೇಕು.

ಸಣ್ಣ ಶಾಲೆಯ ಹಣವೆಂದರೆ ಅದು ಯಾರದೋ ಹೊಲಿಗೆ ಯಂತ್ರದ, ಯಾರದೋ ಆಟೋದ ಸಂಪಾದನೆ. ದಾನಿಗಳು ಕೊಟ್ಟಿದ್ದರೆ ಅದು ಅಮಾನತ್ತು. ಮಗುವಿನ ಸಮಯ ಅದಕ್ಕಿಂತಲೂ ದೊಡ್ಡ ಅಮಾನತ್ತು. ಮೂರನೇ ತರಗತಿಯಲ್ಲಿ ಓದಲು ಕಲಿಯದ ಮಗು ಐದನೆಯದರಲ್ಲಿ ಇನ್ನಷ್ಟು ಹಿಂದುಳಿಯುತ್ತದೆ, ಎಂಟನೆಯದರಲ್ಲಿ ಶಾಲೆಯನ್ನೇ ಬಿಡಬಹುದು. ಹಣವನ್ನು ಮತ್ತೆ ದುಡಿಯಬಹುದು, ಕಳೆದುಹೋದ ಆ ವರ್ಷವನ್ನು ಯಾವ ಕಂಪೆನಿಯೂ ಹಿಂದಿರುಗಿಸದು.

ಆದ್ದರಿಂದ ಮುಂದಿನ ಬಾರಿ ಹೆತ್ತವರ ಸಭೆಗೆ ಹೋದಾಗ ಜಗಳಕ್ಕೆ ನಿಲ್ಲಬೇಡಿ. ವಿನಯದಿಂದಲೇ ಎದ್ದು ನಿಂತು ಕೇಳಿ: 'ಸರ್, ಈ ಕಿಟ್‌ನಿಂದ ಮಕ್ಕಳು ಹೆಚ್ಚು ಕಲಿತರೆಂದು ನಮಗೆ ಹೇಗೆ ಗೊತ್ತು?' ಉತ್ತರ ಸಿಕ್ಕರೆ ಸಂತೋಷದಿಂದ ಹಣ ಕಟ್ಟಿ. ಸಿಗದಿದ್ದರೆ, ಒಟ್ಟಿಗೆ ಕುಳಿತು ಪರೀಕ್ಷಿಸಿ ನೋಡೋಣ ಎಂದು ಹೇಳಿ. ಓದಿಸಿ ನೋಡುವ ಕೆಲಸಕ್ಕೆ ಒಂದು ಶನಿವಾರ ನೀವೂ ಹೋಗಿ.